ಗೆರೆ ಅಳಿದ ಬೆರಳು

ಡಿಸೆಂಬರ್ ಒಂಬತ್ತು, ಬೆಳಿಗ್ಗೆ 7.40. ಕೊರಿಯಾದ ತೊಂಗ್ಯೊಂಗ್ ಬಂದರಿನ ಪೊಲೀಸ್ ಠಾಣೆಗೆ, ಜಿಮ್ಮನ್ನು ಈಚೆಗೆ ಕೊಂಡಿದ್ದ ಮಾಲೀಕ ಬಾಂಗ್ ತೆ-ಗ್ಯು ಏದುಸಿರು ಬಿಡುತ್ತ ಬಂದ. ಸದಸ್ಯರ ಬೆರಳಚ್ಚು ನೋಡಿ ಬಾಗಿಲು ತೆರೆಯುವ ಅವನ ಹೊಸ ಯಂತ್ರವನ್ನು ಯಾರೋ ಬೆಳಗಿನ ಜಾವ ಚುಚ್ಚಿ ಹಾಳುಮಾಡಿದ್ದರು. 8.15ಕ್ಕೆ ಎಫ್‌ಐಆರ್ ಆಯಿತು.

ಇನ್‌ಸ್ಪೆಕ್ಟರ್ ಪ್ಯೊ ಇನ್-ಹೊ, ಕಾನ್‌ಸ್ಟೇಬಲ್ ಮಾ ಸೆ-ಯೊಂಗ್‌ಳನ್ನು ಕರೆದುಕೊಂಡು ಹೋಗಿ ಪಂಚನಾಮೆ ಮಾಡಿದ. ಗಾಜಿನಲ್ಲಿ ಗಿಡ್ಡ, ಚೂಪು ಆಯುಧದ ಆರು ತೂತು. ಪಕ್ಕದಲ್ಲಿ ಒತ್ತಿ ಹಿಡಿದ ಕೈಯ ಗುರುತು, ಆದರೆ ಗೆರೆ ಒಂದೂ ಇಲ್ಲ. ಗ್ಲೌಸ್ ಹಾಕಿದ್ದಾನೆ, ಪಳಗಿದ ಕೈ ಎಂದು ಪ್ಯೊ ತೀರ್ಮಾನಿಸಿಬಿಟ್ಟ. ಜಿಮ್ಮಿನಲ್ಲಿ ಕೆಲಸ ಕಳೆದುಕೊಂಡಿದ್ದ ತರಬೇತುದಾರನನ್ನು ಎರಡು ದಿನ ಠಾಣೆಗೆ ಅಲೆಸಿದ. ಬೆಟ್ಟ ಅಗೆದದ್ದಾಯಿತು, ಇಲಿಯೂ ಸಿಗಲಿಲ್ಲ.

ಹನ್ನೊಂದರಂದು ಮಾ ಯಂತ್ರದ ದಾಖಲೆ ತರಿಸಿದಳು. ಎಂಟರವರೆಗಿನ ಮೂರು ವಾರ ದಿನವೂ ಸಂಜೆ ಐದೂವರೆಗೆ ಯಂತ್ರ ಒಂದೇ ಸದಸ್ಯ ಸಂಖ್ಯೆಯನ್ನು ನಾಲ್ಕೈದು ಸಲ ತಿರಸ್ಕರಿಸಿತ್ತು. ಪ್ಯೊ ಬಾಂಗ್‌ನನ್ನು ಕರೆಸಿದ.

"ಇದು ಯಾರು?"

"ಸಿಂಪಿ ಚಿಪ್ಪು ಬಿಚ್ಚೋ ಶೆಡ್ಡಿನ ಮುದುಕಿ ಸಾರ್, ಚೊನ್ ಮಾಲ್-ಸುನ್. ಒಂಬತ್ತು ವರ್ಷದ ಸದಸ್ಯೆ ಅಂತಾಳೆ, ಬೆರಳು ಮಾತ್ರ ಹತ್ತಲ್ಲ, ಬಾಗಿಲು ತೆಗೆದವರ ಹಿಂದೆ ನುಸುಳ್ತಿದ್ಲು. ಬೇರೆಯವರ ಹೆಸರಲ್ಲಿ ಬರ್ತಿದಾಳೆ ಅಂತ ಎಂಟರಂದು ಹೊರಗೆ ಕಳಿಸ್ದೆ."

"ಹಳೇ ಕಾರ್ಡ್ ನಡೆಯಲ್ವಾ?"

"ಬೆರಳು ಕೊಡದಿದ್ರೆ ಒಳಗಿಲ್ಲ ಅಂತ ಬೋರ್ಡೇ ಹಾಕಿದೀನಲ್ಲ ಸಾರ್."

ಪ್ಯೊಗೆ ಕುತ್ತಿಗೆ ಹಿಡಿದು ನೂಕಿದಂತಾಯಿತು. ಅವನ ತಾಯಿ ಇಪ್ಪತ್ತೆಂಟು ವರ್ಷ ಸಿಂಪಿಯ ಚಿಪ್ಪು ಬಿಚ್ಚಿದವಳು. ಉಪ್ಪುನೀರು, ಚಿಪ್ಪಿನ ಅಂಚು ಸೇರಿ ಬೆರಳಿನ ಗೆರೆಗಳನ್ನು ತಿಂದುಹಾಕುವುದನ್ನು ಅವನು ಮನೆಯಲ್ಲೇ ಕಂಡಿದ್ದ. ಆ ಗುರುತು ಕಣ್ಣೆದುರಿಗಿದ್ದರೂ ಗ್ಲೌಸ್ ಎಂದೆನಲ್ಲ ಎಂದು ನಾಚಿಕೆಯಾಯಿತು.

ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ನಿಂತು ಚಿಪ್ಪು ಬಿಚ್ಚುತ್ತಿದ್ದರು. ಪ್ಯೊ ಮನೆ ಹುಡುಗ ಬಂದಿದಾನೆ, ಅಮ್ಮನ ಜಾಗ ಖಾಲಿಯಿದೆ, ನಿಲ್ಲಿಸ್ಕೊಳ್ರೇ ಎಂದು ಒಬ್ಬಳು ಛೇಡಿಸಿದಳು. ಮಾಲ್-ಸುನ್ ನಗಲಿಲ್ಲ. ಗಿಡ್ಡ ಚಾಕುವನ್ನು ತೊಳೆದು ಮುಂದಿಟ್ಟಳು.

"ಯಂತ್ರ ಒಡೆದಿದ್ದು ಯಾರು, ಚಿಕ್ಕಮ್ಮ?"

"ನಾನೇ. ಕೇಳೋಕೆ ಇಷ್ಟು ದಿನ ಬೇಕಾಯ್ತಾ?"

"ಯಾಕೆ?"

"ಮಂಡಿ ನೋವು ಅಂತ ಅಲ್ಲಿ ನಡೀತಿದ್ದೆ. ಬರೀ ಮಂಡಿಗಲ್ಲ, ಮಾತಿಗೂ ಜನ ಇದ್ರು. ಅವರೆದುರಿಗೇ ಆ ಬಾಂಗ್ ನನ್ನ ಕಳ್ಳ ಹೆಸರಿನವಳು ಅಂದ. ಇವಳು ನಮ್ಮ ಮಾಲ್-ಸುನ್ ಅಂತ ಒಬ್ರೂ ಹೇಳ್ಲಿಲ್ಲ ಮಗಾ. ತಮ್ಮನ್ನೂ ಹೊರಗೆ ಹಾಕ್ತಾರೆ ಅಂತ ನೆಲ ನೋಡಿದ್ರು."

12.20ಕ್ಕೆ ಬಂಧನ. ಚಾಕುವನ್ನು ವಶಪಡಿಸಿಕೊಂಡರು. ಕೈಕೋಳ ಹಾಕಲಿಲ್ಲ. ಜೀಪಿನಲ್ಲಿ ಪ್ಯೊ ಮೆಲ್ಲಗೆ, ಒಡೆಯೋ ಬದಲು ಠಾಣೆಗೆ ಬಂದು ದೂರು ಕೊಡಬಹುದಿತ್ತಲ್ಲ ಎಂದ.

"ಬಂದಿದ್ರೆ ನನ್ನ ನಂಬ್ತಿದ್ಯಾ, ಯಂತ್ರಾನಾ?"

ಉತ್ತರ ಪ್ಯೊಗೆ ಗೊತ್ತಿತ್ತು.

ಬಂಧನ ವರದಿಯಲ್ಲಿ 'ಉದ್ದೇಶ' ಎಂಬ ಕಡೆ ಅವನು ದ್ವೇಷ ಎಂದು ಬರೆದು, ಹೊಡೆದು ಹಾಕಿದ. ಆಮೇಲೆ ಬರೆದ: ಆರೋಪಿ ತನ್ನ ಹೆಸರು ಹೇಳಿದಾಗ, ಗೊತ್ತಿದ್ದವರೂ ಹೌದೆನ್ನಲಿಲ್ಲ.