ಬಸವ್ವಜ್ಜಿಯ ಡಬ್ಬಿ

"ಹಲೋ... ಬಸವ್ವಜ್ಜಿ ಅವರಾ?"

ಇಂದು ಫೋನನ್ನು ಸ್ಪೀಕರಿಗೆ ಹಾಕಿದಳು.

ಶನಿವಾರದ ಕನ್ನಡ ಸಂಘದ ಪಿಕ್ನಿಕ್‌ನಲ್ಲಿ ಅವಳ ಫೋನು ಕಳೆದುಹೋಗಿತ್ತು. ರೂಮ್‌ಮೇಟ್ ಊರ್ಮಿಳಾಳ ಫೋನಿನಿಂದ ಕರೆ ಮಾಡಿ ಮಾಡಿ ಬೆರಳು ಸವೆದಿತ್ತು. ಪ್ರತಿಸಲವೂ ನೇರ ವಾಯ್ಸ್‌ಮೇಲ್. ಈಗ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ಯಾರೋ ಒಬ್ಬ ಎತ್ತಿದ್ದಾನೆ. ಎತ್ತಿ, ಅವಳ ಅಜ್ಜಿಯನ್ನು ಕೇಳುತ್ತಿದ್ದಾನೆ!

ಹೋದ ವರ್ಷ ಶಿಗ್ಗಾಂವದಲ್ಲಿ ತೀರಿಕೊಂಡ ಅಜ್ಜಿಯ ಹೆಸರು ಇಲ್ಲಿ, ಅಮೆರಿಕದ ಅಲ್ಫರೆಟಾದಲ್ಲಿ, ಒಬ್ಬ ಕಳ್ಳನಿಗೆ ಹೇಗೆ ಗೊತ್ತು?

'ಫೋನ್ ಓಪನ್ ಮಾಡಿದಾನೆ... ಅಜ್ಜಿಯ ಮೆಸೇಜ್ ಎಲ್ಲಾ ಕೇಳಿದಾನೆ!'

ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ. ಹೇಳುವುದನ್ನೆಲ್ಲ ಮಾತಾಡಿಯೇ ಕಳಿಸುತ್ತಿದ್ದಳು. ಅಂಥ ನಲವತ್ತೊಂದು ವಾಯ್ಸ್ ಮೆಸೇಜು ಆ ಫೋನಿನಲ್ಲಿದ್ದವು, ಬೇರೆಲ್ಲೂ ಇಲ್ಲ. 'ನಾಳೆ ಬ್ಯಾಕಪ್ ಮಾಡ್ತೀನಿ' ಎಂದು ಮೊಮ್ಮಗಳು ಒಂದು ವರ್ಷ ತಳ್ಳಿದ್ದಳು. ಫೋನು ಹೋದರೆ ಇನ್ನೊಂದು ತಗೋಬಹುದು. ಅಜ್ಜಿಯ ದನಿ ಯಾವ ಅಂಗಡಿಯಲ್ಲಿ ಸಿಗುತ್ತದೆ?

"ಅಜ್ಜಿ, ಕೇಳಿಸ್ತಿದ್ಯಾ? ಮನೆ ಅಡ್ರೆಸ್ ಹೇಳಿ, ತಂದುಕೊಡ್ತೀನಿ."

ಪಕ್ಕದಲ್ಲಿದ್ದ ಊರ್ಮಿಳಾ ಎರಡೂ ಕೈ ಆಡಿಸಿ ಪಿಸುಗುಟ್ಟಿದಳು. "ಅಡ್ರೆಸ್ ಕೊಡ್ಬೇಡ್ವೇ! ಸ್ಕ್ಯಾಮ್!"

ಆಗ ಇಂದುವಿನ ಗಂಟಲಿನಿಂದ ಅವಳಿಗೇ ಗೊತ್ತಿಲ್ಲದ ಹಾಗೆ ಒಂದು ಮುದಿ ದನಿ ಹೊರಬಿತ್ತು.

"ಹೌದಪಾ, ಬಸವ್ವನ ಮಾತಾಡಾಕತ್ತೀನಿ. ಯಾರ ನೀನು?"

"ನಾನು ಗುರುದತ್ ಅಂತ. ಮೈಸೂರು ಕಡೆಯವನು, ಅಟ್ಲಾಂಟಾದಲ್ಲಿರೋದು."

"ನಾಷ್ಟಾ ಆತೇನು?"

"ಇ... ಇಲ್ಲ ಅಜ್ಜಿ."

"ಹನ್ನೊಂದ ಹೊಡೀತು, ಇನ್ನೂ ಉಪಾಸ ಅದಿ! ಹೊಟ್ಟಿಗೆ ತಿನ್ನೂದು ಬಿಟ್ಟು ಮಂದಿ ಫೋನ್ ಯಾಕ ಕದೀತಿ?"

"ಅಯ್ಯೋ, ಕದ್ದಿಲ್ಲ ಅಜ್ಜಿ! ಚಾರ್ಜ್ ಬೇರೆ ಎರಡೇ ಪರ್ಸೆಂಟ್ ಇದೆ..."

"ಒಂದು ಗಂಟೆಕ್ಕ ಅಲ್ಫರೆಟಾ ಪೊಲೀಸ್ ಸ್ಟೇಷನ್ ಮುಂದ ಬಾ. ತಿಂದು ಬಾ!"

ಲೈನ್ ಕಟ್ಟಾಯಿತು. ಊರ್ಮಿಳಾ ತೆರೆದ ಬಾಯಿ ಮುಚ್ಚಿರಲಿಲ್ಲ.

"ಏನೇ ಇದು? ನಿಂಗೆ ಈ ಥರ ಮಾತಾಡೋಕೆ ಬರುತ್ತಾ?"

"ಗೊತ್ತಿರ್ಲಿಲ್ಲ ಕಣೇ..." ಎಂದಳು ಇಂದು. ಹುಟ್ಟಿ ಬೆಳೆದದ್ದು ಬೆಂಗಳೂರು. ಬೇಸಿಗೆ ರಜೆಯಲ್ಲಷ್ಟೇ ಶಿಗ್ಗಾಂವ. ಅಜ್ಜಿ ಹೀಗೆ ಮಾತಾಡಿದಾಗಲೆಲ್ಲ ತಾನು ಬೆಂಗಳೂರು ಕನ್ನಡದಲ್ಲೇ ಉತ್ತರ ಕೊಟ್ಟವಳು.

ಆನ್‌ಲೈನಿನಲ್ಲಿ ಹಳೇ ಸಾಮಾನು ಮಾರುವವರು ಗುರುತಿಲ್ಲದವರನ್ನು ಭೇಟಿಯಾಗಲೆಂದೇ ಸ್ಟೇಷನ್ನಿನ ಪಾರ್ಕಿಂಗ್‌ನಲ್ಲಿ ಕ್ಯಾಮೆರಾ ಇಟ್ಟ ಒಂದು ಜಾಗವಿತ್ತು. ಊರ್ಮಿಳಾ ಕಾರಿನಲ್ಲೇ ಉಳಿದಳು. ಇಂದು ಚೀಲದೊಳಗಿನ ಲಟ್ಟಣಿಗೆಯನ್ನು ಬಿಗಿಯಾಗಿ ಹಿಡಿದು ಇಳಿದಳು.

ಅಲ್ಲೊಬ್ಬ ಉದ್ದನೆಯ ಹುಡುಗ ಮರದ ನೆರಳಲ್ಲಿ ಮಡಚುವ ಕುರ್ಚಿ ಬಿಡಿಸಿ, ಕರ್ಚೀಫಿನಿಂದ ಒರೆಸುತ್ತಿದ್ದ. ಕಂಕುಳಲ್ಲಿ ಛತ್ರಿ. ಪಕ್ಕದಲ್ಲಿ ಹೊಳೆಯುವ ಸ್ಟೀಲ್ ಡಬ್ಬಿ.

"ಫೋನ್ ಕೊಡಿ!" ಎಂದಳು ಇಂದು.

ಅವನು ಮೇಲಿಂದ ಕೆಳಗೆ ನೋಡಿದ. "ನೀವ್ಯಾರು? ಅಜ್ಜಿ ಎಲ್ಲಿ? ಬಿಸಿಲು ಅಂತ ಕುರ್ಚಿ ತಂದಿದೀನಿ."

"ಅಜ್ಜಿ ಇಲ್ಲ. ಫೋನ್ ನಂದು."

"ಎಲ್ಲರೂ ಹಾಗೇ ಹೇಳ್ತಾರೆ ಮೇಡಂ. ನಾನು ಅಜ್ಜಿ ಕೈಗೇ ಕೊಡೋದು."

"ರೀ, ಅವರ ಹೆಸರು ನಿಮಗೆ ಹೇಗ್ರೀ ಗೊತ್ತು? ನನ್ನ ಮೆಸೇಜ್ ಕೇಳಿದ್ರಾ?"

"ಯಾವ ಮೆಸೇಜು?" ಅವನು ಡಬ್ಬಿ ತಿರುಗಿಸಿ ತೋರಿಸಿದ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಕ್ಷರ: ಬಸವ್ವ ಹೊಸಮನಿ, ಶಿಗ್ಗಾಂವ. "ಪಿಕ್ನಿಕ್‌ನಲ್ಲಿ ಉಳಿದ ಪಾತ್ರೆ ಮನೆಮನೆಗೆ ತಲುಪಿಸೋ ಕೆಲಸ ನಂದು. ತೊಳೆಯೋಣ ಅಂತ ಮುಚ್ಚಳ ತೆಗೆದ್ರೆ ಒಳಗೆ ಫೋನ್, ತೆಗೆದ ತಕ್ಷಣ ರಿಂಗು!"

ಇಂದುವಿಗೆ ಥಟ್ಟನೆ ನೆನಪಾಯಿತು. ಅಜ್ಜಿಯ ಈ ಡಬ್ಬಿಯಲ್ಲಿ ತಾನು ಒಯ್ದಿದ್ದ ಗಿರಮಿಟ್ ಮಂಡಕ್ಕಿ ಖಾಲಿಯಾದ ಮೇಲೆ, ಹಾಡು ಜೋರಾಗಿ ಕೇಳಲಿ ಎಂದು ಫೋನನ್ನು ಡಬ್ಬಿಯೊಳಗೆ ನಿಲ್ಲಿಸಿದ್ದವಳು ತಾನೇ! ಯಾರೋ ಅಚ್ಚುಕಟ್ಟಿನವರು ಮುಚ್ಚಳ ಹಾಕಿದ್ದಾರೆ. ಬಿಗಿಯಾದ ಸ್ಟೀಲಿನೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು!

"ನಂದೇ ಅಂತ ತೋರಿಸೋಣ ಅಂದ್ರೆ ಚಾರ್ಜ್..."

"ಸತ್ತುಹೋಗಿದೆ. ಅಜ್ಜಿನ ಕರೀರಿ."

ಇಂದುವಿಗೆ ಬೇರೆ ದಾರಿ ಕಾಣಲಿಲ್ಲ. ಕಣ್ಣು ಮುಚ್ಚಿದಳು.

"ಏ ತಮ್ಮಾ, ಎಷ್ಟ ಕಾಡತಿಯೋ? ತಿಂದು ಬಾ ಅಂದಿದ್ದೆ, ತಿಂದಿಯೇನು?"

ಗುರುದತ್ ಅಟೆನ್ಷನ್‌ನಲ್ಲಿ ನಿಂತುಬಿಟ್ಟ. "ತಿಂದೆ ಅಜ್ಜಿ!"

ಮರುಕ್ಷಣ ಅವನಿಗೆ ನಗು ಬಂತು. ಇಂದುವಿಗೂ ಬಂತು. ನಗುತ್ತ ನಗುತ್ತಲೇ ಅವಳು ಆ ಕುರ್ಚಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

"ಅಜ್ಜಿ ಹೋದ ವರ್ಷ ಹೋದ್ರು... ಅವರ ದನಿ ಅದರಲ್ಲಿ ಮಾತ್ರ ಇದೆ."

ಅವನು ಛತ್ರಿ ಬಿಡಿಸಿ ಅವಳ ತಲೆಯ ಮೇಲೆ ಹಿಡಿದ. ಆಮೇಲೆ ತನ್ನ ಕಾರಿನಲ್ಲಿ ಫೋನನ್ನು ಚಾರ್ಜಿಗಿಟ್ಟ.

ಹತ್ತು ನಿಮಿಷಕ್ಕೆ ಫೋನಿನೊಳಗಿಂದ ಅಜ್ಜಿ ಮಾತಾಡಿದಳು: "ಇಂದೂ, ನನ್ನ ಡಬ್ಬಿ ಯಾರಿಗರೆ ಕೊಟ್ಟರ ತುಂಬಿಸಿ ಕೊಡು. ಖಾಲಿ ತಿರುಗಿ ಬಂತಂದರ ಅವರ ಮನಿ ಕಡೆ ಹಾಯಬ್ಯಾಡ."

ಗುರುದತ್ ತಲೆ ಕೆರೆದುಕೊಂಡ. "ಇವರೇ ಅಲ್ವಾ ಬೆಳಗ್ಗೆ ನನ್ನ ಹತ್ರ ಮಾತಾಡಿದ್ದು?"

ಇಂದು ಅವನನ್ನೇ ನೋಡಿದಳು. ಒಂದು ವರ್ಷದಲ್ಲಿ ಯಾರೂ ಅವಳಿಗೆ ಇಷ್ಟು ದೊಡ್ಡ ಸಮಾಧಾನ ಹೇಳಿರಲಿಲ್ಲ.

"ಡಬ್ಬಿ ಖಾಲಿ ಇಲ್ಲ," ಎಂದ ಅವನು ನಾಚುತ್ತ. "ಅಜ್ಜಿಗೆ ಹಲ್ಲಿರಲ್ವಲ್ಲ... ಮೊಸರನ್ನ. ಸ್ವಲ್ಪ ಜಾಸ್ತಿ ಬೆಂದಿದೆ."

ಸ್ವಲ್ಪ ಅಲ್ಲ, ಗಂಜಿಯಾಗಿತ್ತು. ಅವಳು ಅಂದೇ ಎಲ್ಲಾ ಮೆಸೇಜಿನ ಬ್ಯಾಕಪ್ ಮಾಡಿ, ಆ ಮೊಸರನ್ನವನ್ನು ಒಂದಗುಳೂ ಬಿಡದೆ ತಿಂದಳು.

ಮುಂದಿನ ವಾರ ಡಬ್ಬಿ ಗಿರಮಿಟ್ ತುಂಬಿಕೊಂಡು ಅಟ್ಲಾಂಟಾಕ್ಕೆ ಹೋಯಿತು. ಪುಳಿಯೋಗರೆ ತುಂಬಿಕೊಂಡು ಬಂತು. ಬೇಸಿಗೆ ಕಳೆದು ಎಲೆ ಕೆಂಪಾಗುವವರೆಗೂ ಜಿಎ-400 ಹೆದ್ದಾರಿಯ ಮೇಲೆ ಓಡಾಡಿತು.

ಆಮೇಲೆ ಎರಡು ವಾರ ಗುರುದತ್ ಯಾಕೋ ಮಾತು ಕಡಿಮೆ ಮಾಡಿದ.

ಒಂದು ಶನಿವಾರ ಊರ್ಮಿಳಾ ಡಬ್ಬಿ ತಂದು ಟೇಬಲ್ ಮೇಲಿಟ್ಟಳು. "ಗುರುದತ್ ಕೊಟ್ಟ. ಅರ್ಜೆಂಟ್ ಅಂತೆ," ಎಂದು ಹೊರಗೆ ಹೊರಟೇಬಿಟ್ಟಳು.

ಇಂದು ಎತ್ತಿ ನೋಡಿದಳು. ಹಗುರ...

'ಖಾಲಿನಾ? ಅಜ್ಜಿ ಹೇಳಿದ್ದು ಅವನೂ ಕೇಳಿದಾನಲ್ಲ... ಇನ್ನು ಬರಬೇಡ ಅಂತಾನಾ?'

ಮುಚ್ಚಳ ತೆಗೆದಳು. ಒಳಗೊಂದು ಫೋನು. ಅವಳು ನೋಡನೋಡುತ್ತಲೇ ರಿಂಗಾಯಿತು. ಪರದೆಯ ಮೇಲೆ: ಊರ್ಮಿಳಾ.

"ಹಲೋ... ಬಸವ್ವಜ್ಜಿ ಅವರಾ?"

ಗುರುದತ್‌ನ ದನಿ! ಇಂದು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅಜ್ಜಿ, ನಿಮ್ಮ ಮೊಮ್ಮಗಳು ಅಂದ್ರೆ ನನಗೆ ಪ್ರಾಣ. ಎರಡು ವಾರದಿಂದ ಹೇಳೋಕೆ ನೋಡ್ತಿದೀನಿ, ಎದುರಿಗೆ ನಿಂತ್ರೆ ಬಾಯೇ ಬರಲ್ಲ. ಮದುವೆ ಆಗ್ತಾರಾ ಅಂತ ನೀವೇ ಒಂದು ಮಾತು ಕೇಳ್ತೀರಾ?"

ಕಣ್ಣೊರೆಸಿಕೊಂಡು ಅವಳು ಅಜ್ಜಿಯ ದನಿ ತೆಗೆದಳು.

"ಕೇಳಾಕ ಏನೈತಿ? ಆಕಿ ಹೂಂ ಅಂತಾಳ. ಆದ್ರ ಡಬ್ಬಿ ಖಾಲಿ ಕಳಿಸಿದಿಯಲ್ಲೋ!"

"ಖಾಲಿ ಎಲ್ಲಿ ಅಜ್ಜಿ? ನನ್ನ ಫೋನೇ ಇಟ್ಟಿದೀನಲ್ಲ. ಪಾಸ್‌ವರ್ಡೂ ಹೇಳ್ತೀನಿ!"

"ಎಲ್ಲಿದ್ದಿ ಈಗ?"

"ಬಾಗಿಲ ಹೊರಗೆ."

"ನಾಷ್ಟಾ ಆತೇನು?"

"...ಇಲ್ಲ."

ಇಂದು ಬಾಗಿಲು ತೆಗೆದಳು. ಊರ್ಮಿಳಾಳ ಫೋನು ಕಿವಿಗಿಟ್ಟುಕೊಂಡು ಅವನು ಹೊಸ್ತಿಲಾಚೆ ನಿಂತಿದ್ದ. ಈ ಸಲ ಅವಳು ತನ್ನದೇ ದನಿಯಲ್ಲಿ, ಮೆಲ್ಲಗೆ ಅಂದಳು:

"ಬಾ ಒಳಗೆ. ಗಿರಮಿಟ್ ಮಾಡ್ತೀನಿ."