ದಾಟಿ ಹಿಂದಕ್ಕೆ ಬಂದ ಬಾಣ

ಹತ್ತಕ್ಕೆ ತೆರೆದ ಆನ್‌ಲೈನ್ ಅರ್ಜಿಯ ಪುಟ ಹತ್ತು ಗಂಟೆ ಎರಡು ನಿಮಿಷಕ್ಕೆ ಮುಚ್ಚಿತ್ತು. ಹೆಣ್ಣುಮಕ್ಕಳ ಕಸೂತಿ ತರಬೇತಿಗೆ ಇದ್ದದ್ದು ನಲವತ್ತು ಜಾಗ. ಮೊದಲು ಅರ್ಜಿ ಹಾಕಿದವರಿಗೆ ಮೊದಲು. ನಲವತ್ತೂ ಮುಗಿದಿದ್ದವು.

ಡೋಣಿ ಊರಿನ ಹನಮಂತವ್ವ ಮುಂಡರಗಿಯಿಂದ ನೆಟ್ಟಗೆ ಗದಗಿನ ಬಸ್ಸು ಹತ್ತಿದಳು. ಸೈಬರ್ ಪ್ರಕರಣ ನೋಡುವ ಪಿಎಸ್‌ಐ ಸೀಮಾಳ ಎದುರು ಬಂದು ಕುಳಿತಳು.

"ನನ್ನ ಹೆಸರು ಹೊಡಿಯೂದ್ರಾಗ ಮುಗದಿತ್ರಿ. ಎರಡು ನಿಮಿಷದಾಗ ಹೆರಳ ಸೈತ ಹಾಕ್ಕೊಳ್ಳಾಕ ಆಗೂದಿಲ್ಲ."

"ಮುಂದಿನ ವರ್ಷ ಹಾಕಿದ್ರಾತು."

"ಮೂವತ್ತೈದರ ತನಕ ಅಷ್ಟ ತಗೋತಾರ್ರಿ. ಮುಂದಿನ ವರ್ಷ ನನಗ ಮೂವತ್ತಾರು."

* * *

ಅರ್ಜಿ ತುಂಬುವವರು ಮನುಷ್ಯರೇ ಹೌದೋ ಎಂದು ತಿಳಿಯಲು ಆ ಪುಟ ಮೌಸಿನ ಬಾಣ ಓಡಾಡಿದ ದಾರಿಯನ್ನು ದಾಖಲಿಸಿಕೊಳ್ಳುತ್ತಿತ್ತು. ಕಾನ್‌ಸ್ಟೇಬಲ್ ಲೋಹಿತ ಆ ಗೆರೆಗಳನ್ನು ಪರದೆಯ ಮೇಲೆ ಹರವಿದ.

"ಯಂತ್ರ ಒತ್ತಿದ್ರ ಗೆರಿ ನೆಟ್ಟಗಿರ್ತಾವ್ರಿ ಮೇಡಂ. ಇವು ನಡುಗ್ಯಾವ, ನಿಂತಾವ. ಮನಷ್ಯಾರ ಕೈ."

ಸೀಮಾ ಬಗ್ಗಿ ನೋಡಿದಳು. ಬಾಣ ಪ್ರತಿ ಸಲವೂ ಅರ್ಜಿ ಕಳಿಸುವ ಗುಂಡಿಯನ್ನು ದಾಟಿ ಹೋಗಿತ್ತು. ನಿಂತಿತ್ತು. ತುಸು ಹಿಂದಕ್ಕೆ ಬಂದು ಒತ್ತಿತ್ತು.

"ನಲವತ್ತು ಮಂದಿಗೂ ಒಂದ ಚಟ ಹ್ಯಾಂಗ ಬಂತು ಲೋಹಿತ?"

ಲೋಹಿತ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ.

"ಯಾರದೋ ಕೈ ರೆಕಾರ್ಡ್ ಮಾಡ್ಕೊಂಡು ಬ್ರೌಸರಿಗೆ ಅದ ನಡಿಗಿ ಕಲಿಸ್ಯಾರ," ಎಂದಳು ಸೀಮಾ. " ಒತ್ತಿದ್ದು ಪ್ರೋಗ್ರಾಮು. ಕೈ ಮಾತ್ರ ಖರೆ ಮನಷ್ಯಾರದು."

ನಲವತ್ತೂ ಅರ್ಜಿ ಹೋಗಿದ್ದು ಲಕ್ಷ್ಮೇಶ್ವರದ ಒಂದೇ ಆನ್‌ಲೈನ್ ಸೆಂಟರಿನಿಂದ.

* * *

ಸೆಂಟರಿನ ಮಾಲೀಕ ಅಶ್ಫಾಕ.

"ಇಂಥಾ ಪ್ರೋಗ್ರಾಮ್ ಬರಿಯಾಕ ಬರ್ತೈತೇನು?" ಸೀಮಾ ಕೇಳಿದಳು.

"ಬರ್ತೈತ್ರಿ. ಈಜಾಕ ಬಂದವರೆಲ್ಲ ಮಂದೀನ ಬಾವ್ಯಾಗ ದೂಕತಾರೇನ್ರಿ?"

ಅವನಿಂದ ಹತ್ತು ಸಲ ಒತ್ತಿಸಿದಳು. ಬಾಣ ಹದ್ದಿನ ಹಾಗೆ ನೇರ ಬಂದು ಎರಗಿತು. ಕೆಲಸದ ಹುಡುಗಿ ನೂರೀನಳಿಂದಲೂ ಒತ್ತಿಸಿದಳು. ಅವಳದು ಇನ್ನೂ ಚುರುಕು. ಇಬ್ಬರ ಕೈಯೂ ಅಲ್ಲ.

ಆದರೆ ನೂರೀನಳ ಕಣ್ಣು ಹಿಂದಿನ ಬಾಗಿಲಿಗೆ ಕಟ್ಟಿದ ಬಟ್ಟೆಯ ಪರದೆಯ ಕಡೆಗೇ ಹೋಗುತ್ತಿತ್ತು. ಅಶ್ಫಾಕ ಸೆಂಟರಿಗೆ ಬಾಡಿಗೆ ಹಿಡಿದದ್ದು ಅವಳ ಮನೆಯ ಮುಂದಿನ ಕೋಣೆಯನ್ನು. ಪರದೆಯ ಸಂದಿನಾಚೆ ಅವಳ ತಾಯಿ ಶಮಶಾದಬಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಹೊಲಿಗೆ ಬಟ್ಟೆಯ ಅಂಚು ಮುಟ್ಟಿತು. ಶಮಶಾದಬಿ ನಿಂತಳು. ಬಟ್ಟೆಯನ್ನು ತುಸು ಹಿಂದಕ್ಕೆ ತಂದು, ಹೊಲಿಗೆ ಬಿಚ್ಚದಂತೆ ಮತ್ತೊಮ್ಮೆ ಹೊಲಿದು, ಆಮೇಲೆ ದಾರ ಕತ್ತರಿಸಿದಳು.

ಸೀಮಾಳಿಗೆ ಗೊತ್ತಾಯಿತು. ದನಿಗೆ ಸಕ್ಕರೆ ಬೆರೆಸಿದಳು.

"ಅಮ್ಮಾರ, ನಿಮಗ ಕಂಪ್ಯೂಟರ್ ಬರ್ತೈತೇನ್ರಿ?"

ಶಮಶಾದಬಿಯ ಮುಖ ಅರಳಿತು. "ಒತ್ತಾಕ ಬರ್ತೈತ್ರಿ. ಮೂರು ದಿವಸ ಬಾಜೂಕ ಕುಂತು ಕಲಿಸ್ಯಾಳ ನಮ್ಮ ನೂರೀನ."

"ಅಮ್ಮೀ, ಬ್ಯಾಡ," ಎಂದಳು ನೂರೀನ, ಮೆಲ್ಲಗೆ.

"ತಡಿ, ಮೇಡಂ ಕೇಳಾಕತ್ತಾರ."

ಶಮಶಾದಬಿ ಬಂದು ಮೌಸು ಹಿಡಿದಳು. ಸೀಮಾ ತಡೆಯಬಹುದಿತ್ತು. ಸೀಮಾಳ ಅವ್ವ ಸಾಯುವ ತನಕ ಮೊಬೈಲ್ ಕಲಿಸು ಅನ್ನುತ್ತಿದ್ದಳು. ನಾಳೆ ಅನ್ನುತ್ತಲೇ ಉಳಿದಿದ್ದಳು ಸೀಮಾ. ಈಗಲೂ ಬಾಯಿ ತೆರೆಯಲಿಲ್ಲ.

ಬಾಣ ಗುಂಡಿಯನ್ನು ದಾಟಿತು. ನಿಂತಿತು. ತುಸು ಹಿಂದಕ್ಕೆ ಬಂದು ಒತ್ತಿತು.

* * *

"ಎರಡು ವರ್ಷ ನಮ್ಮ ಓಣಿಯಾಗ ಒಬ್ಬಾಕಿಗೂ ಜಾಗ ಸಿಗಲಿಲ್ರಿ," ಹೊರಗೆ ಕಟ್ಟೆಯ ಮೇಲೆ ನೂರೀನ ಹೇಳಿದಳು. "ಯಾರೋ ಹಿಂಗ ಹಾರಿಸ್ಕೊಂಡು ಹೋಗ್ತಿದ್ರು. ಓಣಿಯಾವ್ರ ಹೆಸರಲೆ ನಾನೂ ಮಾಡೂಣಂದೆ. ಅಶ್ಫಾಕಭಾಯಿಗೆ ಗೊತ್ತಿಲ್ಲ. ಹೋದ ವರ್ಷ ನನ್ನ ಕೈ ಹಾಕಿ ನೋಡಿದ್ನಿ. ಭಾಳ ಚುರುಕು, ಯಂತ್ರ ಅಂತ ಪುಟ ಒಳಗ ಬಿಡಲಿಲ್ಲ. ಅದಕ್ಕ ಈ ಸಲ ಅಮ್ಮೀ ಕೈ ತಗೊಂಡ್ನಿ."

"ಆಕಿಗೆ ಏನ ಹೇಳಿದ್ದಿ?"

"ಕಲಿಸ್ತೀನಿ ಅಂದೆ. ಭಾಳ ವರ್ಷದಿಂದ ಕೇಳ್ತಿದ್ಲು."

"ನೀ ತಗೊಂಡ ಜಾಗದಾಗ ಡೋಣಿಯಾಕಿ ಒಬ್ಬಾಕೀದು ಇತ್ತು. ಮುಂದಿನ ವರ್ಷ ಆಕೀ ವಯಸ್ಸು ಮುಗೀತೈತಿ."

ನೂರೀನ ಸೀಮಾಳ ಕಡೆ ತಿರುಗಿದಳು.

"ಆಕೀ ಹೆಸರೇನ್ರಿ?"

"ಹನಮಂತವ್ವ."

ನಲವತ್ತೂ ಅರ್ಜಿ ರದ್ದಾಗುತ್ತವೆ. ಪುಟ ಮತ್ತೆ ತೆರೆಯುತ್ತದೆ. ಓಣಿಯ ನಲವತ್ತು ಹೆಣ್ಣುಮಕ್ಕಳಿಗೆ ನೂರೀನಳೇ ಹೇಳಬೇಕು. ತಾಯಿಯ ಕೈಯ ಗೆರೆ ಮಗಳ ವಿರುದ್ಧ ಸಾಕ್ಷಿಯಾಗಿ ಕೋರ್ಟಿಗೆ ಹೋಗುತ್ತದೆ. ಅದನ್ನು ಶಮಶಾದಬಿಗೆ ಹೇಳಬೇಕಾದವಳು ಸೀಮಾ.

ಶಮಶಾದಬಿ ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದಳು.

"ಮೇಡಂ, ನಾ ಒತ್ತಿದ್ದು ಬರೋಬ್ಬರಿ ಇತ್ತಿಲ್ರಿ?"

ಸೀಮಾ ಕಪ್ಪು ತೆಗೆದುಕೊಂಡಳು. ಬಿಸಿ ಇತ್ತು, ಕೆಳಗಿಡಲಿಲ್ಲ.

"ಬರೋಬ್ಬರಿ ಇತ್ರಿ ಅಮ್ಮಾರ. ಕುಂಡ್ರಿ. ಒಂದು ಮಾತು ಹೇಳೂದೈತಿ."