ಅಂಗಡಿ ಮುಂದಿನ ಕೆಂಪು ಗೆರೆ

"ಕೈ ತೆಗೀರಿ. ಇದು ನಮ್ಮ ಹೊಸ್ತಿಲು."

ಕುಂಚ ಹಿಡಿದು ಬಗ್ಗಿದ್ದ ಸರ್ವೆಯರ್ ತಲೆಯೆತ್ತಿದ. ಜೆರಾಕ್ಸ್ ಅಂಗಡಿಯ ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕೆಂಪು ಗೆರೆ ಆಗಲೇ ಅವಳ ಹೊಸ್ತಿಲು ಮುಟ್ಟಿತ್ತು.

ವಿಶ್ವವಿದ್ಯಾಲಯದ ಹಿಂದಿನ ಆ ಬಡಾವಣೆಯನ್ನು ಇದ್ದ ಹಾಗೇ ಉಳಿಸಿಕೊಳ್ಳಲು ನಗರಸಭೆ ತೀರ್ಮಾನಿಸಿತ್ತು. ಗೆರೆಯ ಒಳಗಿನ ಹಳೆಯ ಅಂಗಡಿ, ಬಾಡಿಗೆ ಕೋಣೆಗಳು ಉಳಿಯುತ್ತವೆ. ಹೊರಗಿನವನ್ನು ಕೆಡವಿ ಎತ್ತರದ ಕಟ್ಟಡ ಕಟ್ಟಬಹುದು. ಅವಳ ಅಂಗಡಿ ಹೊರಗೆ ಬೀಳುತ್ತಿತ್ತು.

ಬಡಾವಣೆ ಎಲ್ಲಿ ಮುಗಿಯುತ್ತದೆಂದು ನಡೆದು ನೋಡಿ, ಆಮೇಲೆ ಗೆರೆ ಎಳೆಯಿರಿ ಎಂದು ಜಗಳಕ್ಕೇ ನಿಂತಳು. ಅವನು ಜಗಳವಾಡಲಿಲ್ಲ. ಮರುದಿನ ಸಂಜೆ ಬಂದು, ತೋರಿಸಿ ಎಂದ.

ತೋರಿಸಿದಳು. ಹಳೆ ಪುಸ್ತಕದಂಗಡಿಗಳ ಸಾಲು, ಮೆಟ್ಟಿಲ ಮೇಲೆ ಕೂತು ವಾದಕ್ಕಿಳಿದ ವಿದ್ಯಾರ್ಥಿಗಳು, ತಾರಸಿಯಲ್ಲಿ ಡ್ರಮ್ ಬಾರಿಸಿ ಮನೆಯೊಡತಿಯಿಂದ ಬೈಸಿಕೊಳ್ಳುವ ಹುಡುಗಿ... ಆ ಗದ್ದಲ ಅವಳ ಅಂಗಡಿಯನ್ನೂ ದಾಟಿ, ಮುಂದಿನ ತಿರುವಿನಲ್ಲಷ್ಟೇ ತಣ್ಣಗಾಗುತ್ತಿತ್ತು.

ಅವನು ಮತ್ತೆ ಬಂದ. ಆಮೇಲೆ ಕೆಲಸವಿಲ್ಲದೆಯೂ ಬಂದ. ಅವಳ ಅಮ್ಮ ಅವನಿಗೆಂದೇ ಕುರ್ಚಿ ಒರೆಸಿಡತೊಡಗಿದಳು.

ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದ.

ಅವನ ಬದಲು ಹಿರಿಯ ಹೆಂಗಸೊಬ್ಬಳು ಟೇಪು ಹಿಡಿದು ಅಳತೆಗೆ ಬಂದಾಗ ಹುಡುಗಿ ಅಂದುಕೊಂಡಳು: ಕೆಡವೋದು ಖಚಿತವಾಗಿರಬೇಕು... ಮುಖ ತೋರಿಸೋಕಾಗದೆ ತಪ್ಪಿಸ್ಕೊಂಡ!

ಯಾವ ಕೆಲಸಕ್ಕೂ ಮನಸ್ಸು ನಿಲ್ಲಲಿಲ್ಲ. ಯಾರದೋ ಪ್ರಬಂಧವನ್ನು ತಲೆಕೆಳಗಾಗಿ ಬೈಂಡ್ ಮಾಡಿದಳು. ಏನಾಗಿದೆಯೇ ನಿನಗೆ ಎಂದ ಅಮ್ಮನ ಕೈಗೆ ಅಂಗಡಿ ಬಿಟ್ಟು, ನೇರ ಅವನ ಕಚೇರಿಗೆ ಹೋದಳು.

"ಒಂದು ಮಾತು ಹೇಳಿ ಹೋಗಬಾರದಿತ್ತಾ?"

ಅವನು ಎದ್ದು ನಿಂತ. "ನಿಮ್ಮ ಬೀದಿ ಕೆಲಸ ನಾನೇ ಬಿಟ್ಟುಕೊಟ್ಟೆ. ಅಲ್ಲಿ ಗೆರೆ ಎಳೆಯೋಕೆ ನಾನು ಸರಿಯಾದವನಲ್ಲ."

"ಯಾಕೆ?"

"ಅಂಗಡಿ ಉಳೀಲಿ ಅಂತ ಆಸೆಪಟ್ಟುಬಿಟ್ಟಿದ್ದೀನಿ. ನಾನು ಎಳೆದ ಗೆರೆಯಿಂದ ನೀವು ಉಳಿದರೆ, ನಾಳೆ ಜನ ನಿಮ್ಮನ್ನೇ ಆಡ್ಕೋತಾರೆ. ತೀರ್ಮಾನ ಆಗೋವರೆಗೂ ದೂರ ಇರೋಣ ಅಂದ್ಕೊಂಡೆ. ಆಗ್ತಿಲ್ಲ..."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳಗಳನ್ನು ಬಿಟ್ಟು, ಅವಳು ಅವನೆದುರಿನ ಕುರ್ಚಿ ಎಳೆದು ಕೂತಳು.

ಮುಂದೆ ಆ ಹಿರಿಯ ಹೆಂಗಸು ಎಳೆದ ಗೆರೆ ಅಂಗಡಿಯನ್ನು ಒಳಗಿಟ್ಟುಕೊಂಡೇ ತಿರುವಿನವರೆಗೆ ಹೋಯಿತು. ಆದರೆ ಆ ಹೊತ್ತಿಗೆ ಇಬ್ಬರಿಗೂ ಅದು ಗೊತ್ತಿರಲಿಲ್ಲ.

"ಒಂದು ವೇಳೆ ನಮ್ಮನ್ನ ಹೊರಗೆ ಹಾಕಿದರೆ?" ಅವಳು ಕೇಳಿದಳು.

"ಬೇರೆ ಕಡೆ ಅಂಗಡಿ ಹುಡುಕೋಣ."

"ಹುಡುಕಿ ಅಂದ್ರಾ, ಹುಡುಕೋಣ ಅಂದ್ರಾ?"

"ಹುಡುಕೋಣ ಅಂದೆ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಹಾಗಾದ್ರೆ ಇದನ್ನ ಅಮ್ಮನ ಹತ್ರ ನೀವೇ ಹೇಳಬೇಕು. ನನಗೆ ನಾಚಿಕೆ."